ಅವರ್ಸಾದ ನೇರ ಹಾದಿಯಿಂದ ದೇವಿಮನೆ ಘಟ್ಟದವರೆಗೆ: ಎರಡು ಹಳೆಯ ಕೂಪೆ ಕಾರುಗಳ ದುರಸ್ತಿ ದಾಖಲೆ

ಜನವರಿಯ ಎರಡನೆಯ ಭಾನುವಾರ ಬೆಳಿಗ್ಗೆ ಏಳು ಗಂಟೆಗೆ, ಅವರ್ಸಾ ದಾಟಿ ಅಂಕೋಲಾ ಕಡೆಗೆ ಸಾಗುವ ರಾಷ್ಟ್ರೀಯ ಹೆದ್ದಾರಿ 66ರ ಸಮತಟ್ಟಾದ ತುಂಡಿನಲ್ಲಿ, ನನ್ನ 1967ರ ಎಂಜಿಬಿ ಜಿಟಿ ಕಾರು ಮೂರನೆಯ ಗೇರಿನಲ್ಲಿ ಗಂಟೆಗೆ 40 ಕಿ.ಮೀ. ವೇಗದಿಂದ 80 ಕಿ.ಮೀ. ವೇಗಕ್ಕೆ ಏರಲು 12.8 ಸೆಕೆಂಡು ತೆಗೆದುಕೊಂಡಿತು. ಅದೇ ಹಾದಿಯಲ್ಲಿ, ಅದೇ ಅರ್ಧ ಗಂಟೆಯ ಒಳಗೆ, ಶಿರಸಿಯಿಂದ ಭಾವ ತಂದಿದ್ದ ಅದೇ ವರ್ಷದ ಫೋಕ್ಸ್‌ವ್ಯಾಗನ್ ಕಾರ್ಮನ್ ಗಿಯಾ 12.1 ಸೆಕೆಂಡಿನಲ್ಲಿ ಆ ಕೆಲಸ ಮುಗಿಸಿತು. ಕಾಗದದ ಮೇಲೆ ಮೊದಲನೆಯದು 95 ಅಶ್ವಶಕ್ತಿಯ ಕಾರು, ಎರಡನೆಯದು 44 ಅಶ್ವಶಕ್ತಿಯದು. ಅರ್ಧಕ್ಕಿಂತ ಕಡಿಮೆ ಬಲವಿರುವ ಕಾರು ಮುಂದೆ ಬಂದಿದೆ ಎಂದರೆ ನಾವು ಅಳೆದದ್ದು ಕಾರುಗಳನ್ನಲ್ಲ, ಅವುಗಳಲ್ಲಿ ವರ್ಷಗಟ್ಟಲೆ ಕೂಡಿಬಿದ್ದಿದ್ದ ದೋಷಗಳನ್ನು ಎಂಬುದು ನನಗೆ ಅಲ್ಲಿಯೇ ಹೊಳೆಯಿತು. ಆ ದಿನದಿಂದ ಮೇ ತಿಂಗಳ ಕೊನೆಯವರೆಗೆ ನಡೆಸಿದ ಕೆಲಸವನ್ನು, ಯಾವ ಕೆಲಸದಿಂದ ಎಷ್ಟು ಸೆಕೆಂಡು ಉಳಿಯಿತು ಎಂಬ ಲೆಕ್ಕದೊಂದಿಗೆ, ಇಲ್ಲಿ ಬರೆದಿಡುತ್ತಿದ್ದೇನೆ.

ಎರಡೂ ಕಾರುಗಳನ್ನು ಅರಿಯದವರಿಗಾಗಿ ಸ್ವಲ್ಪ ಹಿನ್ನೆಲೆ ಹೇಳಬೇಕು. ಎಂಜಿಬಿ ಜಿಟಿ 1965ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನಲ್ಲಿ ಹೊರಬಂದ ಕೂಪೆ, ಅಂದರೆ ಗಟ್ಟಿ ಛಾವಣಿಯ ಎರಡು ಬಾಗಿಲಿನ ಕಾರು. ತೆರೆದ ಎಂಜಿಬಿ ಕಾರಿಗೆ ಇಟಲಿಯ ಪಿನಿನ್‌ಫರೀನಾ ಸಂಸ್ಥೆ ರೂಪಿಸಿಕೊಟ್ಟ ಗಟ್ಟಿ ಛಾವಣಿ ಮತ್ತು ಹಿಂದೆ ಮೇಲಕ್ಕೆತ್ತುವ ಬಾಗಿಲು ಸೇರಿ ಅದು ಹುಟ್ಟಿಕೊಂಡಿತು. ಮುಂಭಾಗದಲ್ಲಿ 1798 ಸಿಸಿಯ, ನೀರಿನಿಂದ ತಣಿಯುವ ನಾಲ್ಕು ಸಿಲಿಂಡರಿನ ಇಂಜಿನ್, ಅದಕ್ಕೆ ಗಾಳಿಯಲ್ಲಿ ಪೆಟ್ರೋಲು ಬೆರೆಸಿಕೊಡುವ ಎರಡು ಎಸ್‌ಯು ಕಾರ್ಬ್ಯುರೇಟರುಗಳು. ಸಿಲಿಂಡರಿನ ಅಗಲ 80.26 ಮಿ.ಮೀ., ಪಿಸ್ಟನ್ನಿನ ಓಡಾಟ 88.9 ಮಿ.ಮೀ. ಓಡಾಟ ಉದ್ದವಾಗಿರುವುದರಿಂದ ಕಡಿಮೆ ಆರ್‌ಪಿಎಂನಲ್ಲಿಯೇ (ಇಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಎಳೆಯುವ ಗುಣ ಅದಕ್ಕಿದೆ, 3000 ಆರ್‌ಪಿಎಂಗೆ ಅದರ ಟಾರ್ಕ್, ಅಂದರೆ ತಿರುಗಿಸುವ ಬಲ, ಗರಿಷ್ಠ ಮಟ್ಟ ಮುಟ್ಟುತ್ತದೆ. ಕಾರ್ಮನ್ ಗಿಯಾ 1955ರಿಂದ 1974ರವರೆಗೆ ತಯಾರಾದದ್ದು. ಅದರ ಆಕಾರ ಟ್ಯೂರಿನ್ನಿನ ಗಿಯಾ ಸಂಸ್ಥೆಯದು, ಮೈ ಕಟ್ಟಿದ್ದು ಜರ್ಮನಿಯ ಓಸ್ನಾಬ್ರುಕ್‌ನ ಕಾರ್ಮನ್ ಕಾರ್ಖಾನೆ, ಅಡಿಗಟ್ಟು ಮತ್ತು ಇಂಜಿನ್ ಬೀಟಲ್ ಕಾರಿನವು. ಭಾವನ ಕಾರಿನ ಹಿಂಭಾಗದಲ್ಲಿರುವುದು 1493 ಸಿಸಿಯ, ಗಾಳಿಯಿಂದ ತಣಿಯುವ, ಸಿಲಿಂಡರುಗಳು ಎರಡೆರಡಾಗಿ ಎದುರುಬದುರು ಮಲಗಿರುವ ಇಂಜಿನ್. ಎಂಜಿಯ ತೂಕ ಒಂದು ಟನ್ನಿಗೆ ತುಸು ಹೆಚ್ಚು, ಗಿಯಾದ್ದು ಸುಮಾರು 850 ಕೆ.ಜಿ. ತೂಕದ ಲೆಕ್ಕ ಹಿಡಿದರೂ ಟನ್ನಿಗೆ ಎಂಜಿಯಲ್ಲಿ ಸುಮಾರು 90, ಗಿಯಾದಲ್ಲಿ ಸುಮಾರು 52 ಅಶ್ವಶಕ್ತಿ ಬರುತ್ತದೆ. ಜನವರಿಯ ಫಲಿತಾಂಶ ಯಾವ ಲೆಕ್ಕಕ್ಕೂ ಹೊಂದುತ್ತಿರಲಿಲ್ಲ.

ಅಳತೆಯ ಕ್ರಮ

ಅಳತೆ ನಂಬುವಂತಿರಬೇಕಾದರೆ ಕೆಲವು ನಿಯಮಗಳನ್ನು ಮೊದಲೇ ಕಟ್ಟಿಕೊಳ್ಳಬೇಕಾಯಿತು. ನಿಂತಲ್ಲಿಂದ ನೂರಕ್ಕೆ ಎಷ್ಟು ಸೆಕೆಂಡು ಎಂದು ಅಳೆಯುವುದು ಐವತ್ತೆಂಟು ವರ್ಷ ದಾಟಿದ ಕ್ಲಚ್ಚು ಮತ್ತು ಗೇರುಗಳಿಗೆ ಮಾಡುವ ಅನ್ಯಾಯ; ಸಾರ್ವಜನಿಕ ರಸ್ತೆಯಲ್ಲಿ ಅದು ಸಲ್ಲದ ಕೆಲಸವೂ ಹೌದು. ಆದ್ದರಿಂದ ಮೂರನೆಯ ಗೇರಿನಲ್ಲಿ 40ರಿಂದ 80ಕ್ಕೆ ಏರುವ ಸಮಯವನ್ನು ಮಾತ್ರ ಆರಿಸಿಕೊಂಡೆವು. ಎಂಜಿಯಲ್ಲಿ ಇದು ಸುಮಾರು 1900ರಿಂದ 3800 ಆರ್‌ಪಿಎಂವರೆಗಿನ ವ್ಯಾಪ್ತಿ, ಅಂದರೆ ಘಟ್ಟ ಹತ್ತುವಾಗ ನಿಜವಾಗಿ ಬಳಕೆಯಾಗುವ ವ್ಯಾಪ್ತಿ. ವೇಗವನ್ನು ಮೊಬೈಲಿನ ಜಿಪಿಎಸ್ ನೋಡಿ ಹೇಳುವುದು, ಸ್ಟಾಪ್‌ವಾಚ್ ಒತ್ತುವುದು ಪಕ್ಕದಲ್ಲಿ ಕುಳಿತವರ ಕೆಲಸ; ಎಂಜಿಯ ಸ್ಪೀಡೋಮೀಟರು ಮೈಲಿಯಲ್ಲಿರುವುದರಿಂದಲೂ, ಎರಡೂ ಮೀಟರುಗಳು ಸತ್ಯ ಹೇಳುತ್ತವೆ ಎಂಬ ಭರವಸೆ ಇಲ್ಲದ್ದರಿಂದಲೂ ಅವುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಪ್ರತಿ ಕಾರು ಎರಡೂ ದಿಕ್ಕಿಗೆ ಮೂರು ಮೂರು ಬಾರಿ ಓಡಬೇಕು, ಆರರ ಸರಾಸರಿಯನ್ನೇ ಬರೆಯಬೇಕು. ಹೊತ್ತೇರಿದ ಮೇಲೆ ಕಡಲಗಾಳಿ ಬೀಸತೊಡಗುವುದರಿಂದ ಎಂಟು ಗಂಟೆಯ ಒಳಗೆ ಮುಗಿಯಬೇಕು. ಎರಡರಲ್ಲಿಯೂ ನಾವಿಬ್ಬರೇ ಕೂರಬೇಕು, ಪೆಟ್ರೋಲು ಅರ್ಧ ಟ್ಯಾಂಕು ಇರಬೇಕು.

ಇನ್ನೊಂದು ಸಂಗತಿ ನನಗೆ ತಡವಾಗಿ ಹೊಳೆಯಿತು. ಶಿರಸಿ ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡ ನನ್ನ ಊರಾದ ಕಾರವಾರಕ್ಕಿಂತ ಸುಮಾರು ಶೇಕಡಾ 7ರಷ್ಟು ಕಡಿಮೆ. ಅಲ್ಲಿನ ಗಾಳಿಗೆ ಹೊಂದಿಸಿದ ಕಾರ್ಬ್ಯುರೇಟರು ಕೆಳಗೆ ಕಡಲ ತೀರಕ್ಕೆ ಬಂದಾಗ, ಗಾಳಿ ಸಾಂದ್ರವಾಗಿರುವುದರಿಂದ ಮಿಶ್ರಣ ತುಸು ತೆಳುವಾಗುತ್ತದೆ. ಘಟ್ಟದ ಮೇಲಿನ ಕಾರನ್ನೂ ಕೆಳಗಿನ ಕಾರನ್ನೂ ಅವರವರ ಊರಿನಲ್ಲಿ ಅಳೆದು ಫೋನಿನಲ್ಲಿ ಸಂಖ್ಯೆ ಹೇಳಿಕೊಂಡರೆ ಅದು ಹೋಲಿಕೆಯೇ ಅಲ್ಲ. ಒಂದೇ ಜಾಗ, ಒಂದೇ ಬೆಳಗು ಎಂಬ ನಿಯಮವನ್ನು ಕೊನೆಯವರೆಗೂ ಬಿಡಲಿಲ್ಲ.

ಕೊನೆಯ ನಿಯಮ ಎಲ್ಲಕ್ಕಿಂತ ಮುಖ್ಯವಾದದ್ದು: ಒಂದು ಸಲಕ್ಕೆ ಒಂದೇ ದೋಷ ಸರಿಪಡಿಸಬೇಕು, ಮತ್ತೆ ಓಡಿಸಿ ಅಳೆಯಬೇಕು. ಎಲ್ಲವನ್ನೂ ಒಟ್ಟಿಗೆ ಬಿಚ್ಚಿ ಜೋಡಿಸಿದರೆ ಕಾರು ಚೆನ್ನಾಗಿ ಓಡಬಹುದು, ಆದರೆ ಯಾವುದರಿಂದ ಚೆನ್ನಾಯಿತು ಎಂಬುದು ಗೊತ್ತಾಗುವುದಿಲ್ಲ.

ಎಂಜಿ: ಹಿಡಿದುಕೊಂಡಿದ್ದ ಬ್ರೇಕು

ಇಂಜಿನ್ನಿನಲ್ಲಿಯೇ ಪ್ರಾಣವಿಲ್ಲದಿದ್ದರೆ ಉಳಿದ ಕೆಲಸ ವ್ಯರ್ಥವೆಂದು ಮೊದಲು ಕಂಪ್ರೆಶನ್, ಅಂದರೆ ಸಿಲಿಂಡರಿನೊಳಗೆ ಪಿಸ್ಟನ್ನು ಹುಟ್ಟಿಸುವ ಒತ್ತಡ, ನೋಡಿದೆ. ನಾಲ್ಕೂ ಪ್ಲಗ್ ಬಿಚ್ಚಿ, ಥ್ರಾಟಲ್ (ಗಾಳಿ ಒಳಗೆ ಬಿಡುವ ಕವಾಟ) ಪೂರ್ತಿ ತೆರೆದು, ಇಂಜಿನ್ ಬಿಸಿಯಿರುವಾಗ ಅಳೆದದ್ದು ಕ್ರಮವಾಗಿ 155, 150, 152, 148 ಪಿಎಸ್‌ಐ. 8.8ಕ್ಕೆ 1 ಅನುಪಾತದ ಹಳೆಯ ಇಂಜಿನ್ನಿಗೆ ಇದು ತೃಪ್ತಿಕರ. ಹಾಗಾದರೆ ಬಲ ಹುಟ್ಟುತ್ತಿದೆ, ಎಲ್ಲಿಯೋ ಸೋರಿಹೋಗುತ್ತಿದೆ.

ಕೊಟ್ಟಿಗೆಯ ಸಿಮೆಂಟು ನೆಲದ ಮೇಲೆ ಕಾರನ್ನು ನಾಲ್ಕೂ ಕಡೆ ಸ್ಟ್ಯಾಂಡಿಗೆ ಏರಿಸಿ ಚಕ್ರಗಳನ್ನು ಕೈಯಿಂದ ತಿರುಗಿಸಿದಾಗ ಎಡ ಮುಂಚಕ್ರ ಅರ್ಧ ಸುತ್ತಿಗೆ ನಿಂತುಬಿಟ್ಟಿತು. ಬ್ರೇಕಿನ ಡಿಸ್ಕನ್ನು ಒತ್ತಿ ಹಿಡಿಯುವ ಕ್ಯಾಲಿಪರ್ ಬಿಚ್ಚಿದರೆ ಪಿಸ್ಟನ್ನಿನ ಮೇಲಿನ ಕ್ರೋಮ್ ಲೇಪ ಚುಕ್ಕೆಚುಕ್ಕೆಯಾಗಿ ಎದ್ದು, ಅದರಡಿಯ ತುಕ್ಕು ಸೀಲನ್ನು ಕಚ್ಚಿಕೊಂಡಿತ್ತು. ಇದು ನಮ್ಮ ಊರಿನ ರೋಗ. ಕಾರವಾರದಲ್ಲಿ ಮಳೆ 3000 ಮಿ.ಮೀ. ಮೀರುತ್ತದೆ, ಮಳೆ ಇಲ್ಲದ ತಿಂಗಳುಗಳಲ್ಲಿ ಗಾಳಿಯಲ್ಲಿ ಉಪ್ಪಿರುತ್ತದೆ. ಬ್ರೇಕ್ ಆಯಿಲ್ ತನ್ನಷ್ಟಕ್ಕೆ ಗಾಳಿಯ ತೇವವನ್ನು ಹೀರಿಕೊಳ್ಳುವ ದ್ರವವಾದ್ದರಿಂದ ನಿಂತ ಕಾರಿನಲ್ಲಿ ಒಳಗಿನಿಂದಲೂ ತುಕ್ಕು ಬೆಳೆಯುತ್ತದೆ. ಎರಡೂ ಕ್ಯಾಲಿಪರುಗಳಿಗೆ ಸ್ಟೇನ್‌ಲೆಸ್ ಸ್ಟೀಲಿನ ಪಿಸ್ಟನ್ನು, ಹೊಸ ಸೀಲು ಹಾಕಿ, ಹಳೆಯ ಆಯಿಲನ್ನು ಪೂರ್ತಿ ಹೊರಹಾಕಿ ಹೊಸದನ್ನು ತುಂಬಿದೆ. ಹಿಂದಿನ ಡ್ರಮ್ಮುಗಳಲ್ಲಿ ಹ್ಯಾಂಡ್‌ಬ್ರೇಕಿನ ಕೇಬಲು ಬಿಗಿಯಾಗಿದ್ದದ್ದನ್ನು ಗ್ರೀಸ್ ಹಾಕಿ ಸಡಿಲಿಸಿದೆ.

ಇಂಜಿನ್ನಿಗೆ ಒಂದು ಸ್ಪ್ಯಾನರು ಕೂಡ ತಾಗಿಸದೆ 12.8 ಸೆಕೆಂಡು 11.6ಕ್ಕೆ ಇಳಿಯಿತು. ಹಳೆಯ ಕಾರು ನಿಧಾನವಾಗಿದೆ ಎಂದು ದೂರುವವರು ಕಾರ್ಬ್ಯುರೇಟರಿಗೆ ಕೈಹಾಕುವ ಮೊದಲು ಚಕ್ರ ತಿರುಗಿಸಿ ನೋಡಬೇಕೆಂದು ನಾನು ಅಂದಿನಿಂದ ಎಲ್ಲರಿಗೂ ಹೇಳುತ್ತಿದ್ದೇನೆ.

ಎಂಜಿ: ಡಿಸ್ಟ್ರಿಬ್ಯೂಟರು

ಈ ಕಾರಿನ ವಿದ್ಯುತ್ ವ್ಯವಸ್ಥೆಯಲ್ಲಿ ಬ್ಯಾಟರಿಯ ಧನಧ್ರುವ ಕಾರಿನ ಲೋಹದ ಮೈಗೆ ಸೇರಿದೆ. 1967ರ ಕೊನೆಯವರೆಗಿನ ಎಂಜಿಬಿಗಳೆಲ್ಲ ಹೀಗೆಯೇ. ಸೀಟಿನ ಹಿಂದೆ ಆರಾರು ವೋಲ್ಟಿನ ಎರಡು ಬ್ಯಾಟರಿಗಳು ಸಾಲಾಗಿ ಜೋಡಣೆಯಾಗಿ ಹನ್ನೆರಡು ವೋಲ್ಟಾಗುತ್ತವೆ. ಇಂದಿನ ಕಾರುಗಳ ಅಭ್ಯಾಸವಿರುವ ಎಲೆಕ್ಟ್ರಿಷಿಯನ್ ಕೈಯಲ್ಲಿ ಇದನ್ನು ಕೊಡುವಾಗ ಎಚ್ಚರಿಕೆ ಹೇಳಲೇಬೇಕು. ನಾನು ಬಾನೆಟ್ಟಿನ ಒಳಭಾಗದಲ್ಲಿ ಕೆಂಪು ಬಣ್ಣದಲ್ಲಿ ಬರೆದೇ ಇಟ್ಟಿದ್ದೇನೆ.

ಡಿಸ್ಟ್ರಿಬ್ಯೂಟರು ಪ್ಲಗ್ಗುಗಳಿಗೆ ಸರದಿಯಂತೆ ಕಿಡಿ ಹಂಚುವ ಭಾಗ. ಅದರೊಳಗೆ ತೆರೆದು ಮುಚ್ಚಿ ಕಿಡಿ ಹುಟ್ಟಿಸುವ ಪಾಯಿಂಟಿನ ಅಂತರ ಫೀಲರ್ ಗೇಜಿನಲ್ಲಿ 0.25 ಮಿ.ಮೀ. ಇತ್ತು, ಇರಬೇಕಾದದ್ದು 0.35ರಿಂದ 0.40. ಅದನ್ನು ಸರಿಪಡಿಸಿ, ನಿಂತ ಇಂಜಿನ್ನಿನ ಟೈಮಿಂಗನ್ನು (ಪಿಸ್ಟನ್ನು ತುದಿ ಮುಟ್ಟುವ ಎಷ್ಟು ಮುಂಚೆ ಕಿಡಿ ಹಾರಬೇಕು ಎಂಬುದನ್ನು) 10 ಡಿಗ್ರಿಗೆ ಇಟ್ಟು, ವ್ಯಾಕ್ಯೂಮ್ ಕೊಳವೆ ಕಳಚಿ ಟೈಮಿಂಗ್ ಲೈಟ್ ಹಿಡಿದು ಇಂಜಿನ್ನನ್ನು ನಿಧಾನವಾಗಿ ಏರಿಸುತ್ತಾ ಹೋದೆ. ಆರ್‌ಪಿಎಂ ಏರಿದಂತೆ ಕಿಡಿ ಹೆಚ್ಚು ಹೆಚ್ಚು ಮುಂಚೆಯೇ ಹಾರಬೇಕು. ಇಂಜಿನ್ ಜೋರಾಗಿ ತಿರುಗುವಾಗ ಈ ಮುನ್ನಡೆ ಎಲ್ಲ ಸೇರಿ ಸುಮಾರು 30 ಡಿಗ್ರಿ ಆಗಬೇಕು. ನನ್ನದು 18 ಡಿಗ್ರಿಗೆ ನಿಂತು ಅಲ್ಲಾಡಲಿಲ್ಲ. ಕಿಡಿ ತಡವಾಗಿ ಹಾರಿದರೆ ಪೆಟ್ರೋಲು ಪಿಸ್ಟನ್ನನ್ನು ತಳ್ಳುವ ಹೊತ್ತು ಕಳೆದ ಮೇಲೆ ಉರಿದು ತನ್ನ ಶಾಖವನ್ನು ಎಕ್ಸಾಸ್ಟಿಗೆ ಕೊಡುತ್ತದೆ. ಬಲವೂ ಹೋಗುತ್ತದೆ, ಇಂಜಿನ್ನೂ ಬಿಸಿಯಾಗುತ್ತದೆ.

ಡಿಸ್ಟ್ರಿಬ್ಯೂಟರನ್ನು ಹೊರತೆಗೆದು ಪಾಯಿಂಟಿನ ತಟ್ಟೆ ಎತ್ತಿದಾಗ ಅದರ ಕೆಳಗಿರುವ ಎರಡು ತೂಕಗಳು ಹಳೆಯ ಗ್ರೀಸ್ ಮತ್ತು ತುಕ್ಕಿನ ಗಟ್ಟಿಯಲ್ಲಿ ಹೂತುಹೋಗಿದ್ದವು. ತಿರುಗುವ ವೇಗಕ್ಕೆ ಈ ತೂಕಗಳು ಹೊರಕ್ಕೆ ಹರಡಿಕೊಂಡು ಕ್ಯಾಮನ್ನು ಮುಂದಕ್ಕೆ ತಿರುಗಿಸಬೇಕು. ಎರಡು ದಿನ ಡೀಸೆಲಿನಲ್ಲಿ ನೆನೆಹಾಕಿ, ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಎರಡು ಸ್ಪ್ರಿಂಗುಗಳೂ ತಮ್ಮ ತಮ್ಮ ಜಾಗಕ್ಕೇ ಮರಳುವಂತೆ ನೋಡಿಕೊಂಡೆ. ಒಂದು ದಪ್ಪ, ಒಂದು ತೆಳು. ಅದಲುಬದಲಾದರೆ ಅಥವಾ ಎಳೆದು ಹಿಗ್ಗಿಸಿದರೆ ಮುನ್ನಡೆಯ ಕ್ರಮವೇ ಕೆಡುತ್ತದೆ. ವ್ಯಾಕ್ಯೂಮ್ ಡಬ್ಬಿಯ ಪೊರೆ ಹರಿದಿತ್ತು. ಮೊದಲು ತರಿಸಿದ ಬದಲಿ ಡಬ್ಬಿ ಬೇರೆ ಮಾದರಿಯದಾಗಿತ್ತು, ಎರಡನೆಯದು ಬರಲು ಮೂರು ವಾರ ಹಿಡಿಯಿತು. ಫೆಬ್ರವರಿ ಅದರಲ್ಲಿಯೇ ಕಳೆಯಿತು. ಜೋಡಿಸಿದ ಮೇಲೆ ಮುನ್ನಡೆ 30 ಡಿಗ್ರಿ ಮುಟ್ಟಿತು, ಅವರ್ಸಾದಲ್ಲಿ ಸಮಯ 10.2 ಸೆಕೆಂಡು ಬಂತು.

ಎಂಜಿ: ಎರಡು ಕಾರ್ಬ್ಯುರೇಟರುಗಳು ಮತ್ತು ಈಗಿನ ಪೆಟ್ರೋಲು

ಎಸ್‌ಯು ಕಾರ್ಬ್ಯುರೇಟರು ನನಗೆ ಅತ್ಯಂತ ಪ್ರಿಯವಾದ ಯಂತ್ರಗಳಲ್ಲೊಂದು, ಆದ್ದರಿಂದ ಇದರ ಬಗ್ಗೆ ಸ್ವಲ್ಪ ಹೆಚ್ಚು ಬರೆಯುತ್ತೇನೆ. ಬೇರೆ ಕಾರ್ಬ್ಯುರೇಟರುಗಳಲ್ಲಿ ನಿಧಾನಕ್ಕೊಂದು, ವೇಗಕ್ಕೊಂದು ಎಂದು ಹಲವು ಜೆಟ್ಟುಗಳಿರುತ್ತವೆ. ಇದರಲ್ಲಿರುವುದು ಒಂದೇ ಜೆಟ್ಟು, ಅದರೊಳಗೆ ಮೇಲೆ ಕೆಳಗೆ ಆಡುವ ಒಂದು ಚೂಪು ಸೂಜಿ. ಇಂಜಿನ್ ಎಷ್ಟು ಗಾಳಿ ಎಳೆಯುತ್ತದೆಯೋ ಅಷ್ಟು ಎತ್ತರಕ್ಕೆ ಒಳಗಿನ ಪಿಸ್ಟನ್ನು ಏಳುತ್ತದೆ, ಅದರ ತುದಿಗಿರುವ ಸೂಜಿ ಜೆಟ್ಟಿನಿಂದ ಅಷ್ಟೇ ಹೊರಬಂದು ಅದಕ್ಕೆ ತಕ್ಕ ಪೆಟ್ರೋಲು ಬಿಡುತ್ತದೆ. ಮೇಲಿನ ಕೊಳವೆಯಲ್ಲಿ ತುಂಬಿದ ಎಣ್ಣೆ ಪಿಸ್ಟನ್ನು ಥಟ್ಟನೆ ಮೇಲೇಳದಂತೆ ತಡೆಯುತ್ತದೆ. ಆ ಎಣ್ಣೆ ಖಾಲಿಯಾಗಿದ್ದರೆ ಆಕ್ಸಿಲರೇಟರ್ ಒತ್ತಿದ ಕ್ಷಣ ಕಾರು ಮುಗ್ಗರಿಸುತ್ತದೆ. ನನ್ನ ಎರಡರಲ್ಲಿ ಒಂದು ಖಾಲಿಯಾಗಿತ್ತು.

ಆದರೆ ದೊಡ್ಡ ದೋಷ ಬೇರೆಯೇ ಇತ್ತು. ಇಂಜಿನ್ ನಿಧಾನವಾಗಿ ತಿರುಗುತ್ತಿರುವಾಗ ಥ್ರಾಟಲ್ ದಂಡದ ತುದಿಗೆ ನೀರು ಸಿಂಪಡಿಸಿದರೆ ಸದ್ದು ಬದಲಾಗುತ್ತಿತ್ತು. ಅಂದರೆ ದಂಡ ಸವೆದು, ಆ ಸಂದಿಯಿಂದ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ಹೋಗುತ್ತಿದೆ. ಹೀಗಿರುವಾಗ ಜೆಟ್ಟಿನ ನಟ್ಟು ಎಷ್ಟು ತಿರುಗಿಸಿದರೂ ಪ್ರಯೋಜನವಿಲ್ಲ. ಕಾರ್ಬ್ಯುರೇಟರುಗಳನ್ನು ಶಿರಸಿಗೆ ಒಯ್ದು, ಅಡಿಕೆ ಸುಲಿಯುವ ಯಂತ್ರಗಳ ಬಿಡಿಭಾಗ ಕಡೆಯುವ ಲೇತ್ ಮೇಸ್ತ್ರಿಯೊಬ್ಬರಿಗೆ ತೋರಿಸಿದೆ. ಅವರು ಈ ವಸ್ತುವನ್ನು ಹಿಂದೆ ನೋಡಿರಲಿಲ್ಲ, ಆದರೂ ಕೆಲಸವನ್ನು ಕೂಡಲೇ ಅರ್ಥ ಮಾಡಿಕೊಂಡು ರಂಧ್ರಗಳನ್ನು ದುಂಡಗೆ ಕೊರೆದು ಹಿತ್ತಾಳೆಯ ಬುಷ್ಷುಗಳನ್ನು ಬಿಗಿಯಾಗಿ ಕೂರಿಸಿಕೊಟ್ಟರು. ಹೊಸ ದಂಡ ಅದರಲ್ಲಿ ಎಣ್ಣೆಯ ಪೊರೆಯಷ್ಟೇ ಅಂತರದಲ್ಲಿ ತಿರುಗುತ್ತದೆ. ಇಷ್ಟು ನಯವಾದ ಕೈಕೆಲಸ ನಮ್ಮ ಜಿಲ್ಲೆಯಲ್ಲಿಯೇ ಸಿಕ್ಕಿತೆಂಬುದು ನನಗೆ ಇಡೀ ದುರಸ್ತಿಯಲ್ಲಿ ಹೆಚ್ಚು ಸಂತೋಷ ಕೊಟ್ಟ ವಿಷಯ.

ಇನ್ನು ಪೆಟ್ರೋಲು. 2023ರಿಂದ ಹಂತಹಂತವಾಗಿ ಬಂಕುಗಳಿಗೆ ಬಂದಿರುವುದು ಶೇಕಡಾ 20ರಷ್ಟು ಎಥೆನಾಲ್ ಬೆರೆತ ಇಂಧನ. ಶುದ್ಧ ಪೆಟ್ರೋಲು ಪೂರ್ತಿ ಉರಿಯಲು ತನ್ನ ತೂಕದ 14.7 ಪಟ್ಟು ಗಾಳಿ ಬೇಕು, ಎಥೆನಾಲಿಗೆ 9 ಪಟ್ಟು ಸಾಕು. ಆದ್ದರಿಂದ 1967ರ ಸೂಜಿ ಮತ್ತು ಜೆಟ್ಟಿನ ಅಳತೆಯಲ್ಲಿ ಈಗಿನ ಇಂಧನ ಹರಿದರೆ ಮಿಶ್ರಣ ತೆಳುವಾಗುತ್ತದೆ. ಹೊಸ ಕಾರಿನ ಕಂಪ್ಯೂಟರು ಅದನ್ನು ತಾನೇ ಸರಿದೂಗಿಸುತ್ತದೆ, ಇಲ್ಲಿ ಸರಿದೂಗಿಸಬೇಕಾದದ್ದು ನಮ್ಮ ಕೈ. ಜೆಟ್ಟನ್ನು ಮೇಲಿನ ಅಂಚಿನಿಂದ ನಟ್ಟಿನ 12 ಮುಖಗಳಷ್ಟು ಕೆಳಗಿಳಿಸಿ ಶುರುಮಾಡುವುದು ಪದ್ಧತಿ. ನಾನು 15ಕ್ಕೆ ಇಳಿಸಬೇಕಾಯಿತು. ಪರೀಕ್ಷೆ ಸರಳ: ಪಿಸ್ಟನ್ನನ್ನು ಅದರ ಪಿನ್ನಿನಿಂದ ಒಂದು ಮಿ.ಮೀ.ಗಿಂತ ಕಡಿಮೆ ಎತ್ತಬೇಕು. ಇಂಜಿನ್ ವೇಗ ಏರಿ ಹಾಗೆಯೇ ನಿಂತರೆ ಪೆಟ್ರೋಲು ಹೆಚ್ಚು, ಇಂಜಿನ್ ಸಾಯಹೋದರೆ ಕಡಿಮೆ, ಕ್ಷಣಕಾಲ ತುಸು ಏರಿ ಮತ್ತೆ ಮೊದಲಿನಂತಾದರೆ ಸರಿ. ಎರಡು ಕಾರ್ಬ್ಯುರೇಟರುಗಳು ಸಮಾನವಾಗಿ ಗಾಳಿ ಎಳೆಯುತ್ತಿವೆಯೇ ಎಂಬುದನ್ನು ರಬ್ಬರ್ ಕೊಳವೆಯ ಒಂದು ತುದಿ ಕಿವಿಗೆ, ಇನ್ನೊಂದು ತುದಿ ಕಾರ್ಬ್ಯುರೇಟರಿನ ಬಾಯಿಗೆ ಹಿಡಿದು ಸುಂಯ್ಗುಡುವ ಸದ್ದು ಹೋಲಿಸಿಯೇ ನೋಡಿದೆ.

ಎಥೆನಾಲ್ ಹಳೆಯ ರಬ್ಬರನ್ನು ಮೆತ್ತಗೆ ಮಾಡುತ್ತದೆ, ತೇವವನ್ನೂ ಹೀರಿಕೊಳ್ಳುತ್ತದೆ. ಟ್ಯಾಂಕಿನಿಂದ ಕಾರ್ಬ್ಯುರೇಟರಿಗೆ ಪೆಟ್ರೋಲು ಕೂಡಿಡುವ ಫ್ಲೋಟ್ ಬಟ್ಟಲಿನವರೆಗಿನ ಎಲ್ಲ ಹೋಸುಗಳನ್ನೂ, ಎಥೆನಾಲನ್ನು ತಡೆದುಕೊಳ್ಳುವ, ಎಸ್‌ಎಇ ಜೆ30 ಆರ್9 ಎಂದು ಮುದ್ರೆಯಿರುವವಕ್ಕೆ ಬದಲಾಯಿಸಿದೆ. ಹಳೆಯ ಕಾರು ಇಟ್ಟುಕೊಂಡವರು ಬೇರೇನನ್ನು ಮುಂದೂಡಿದರೂ ಇದನ್ನು ಮುಂದೂಡಬಾರದು, ಏಕೆಂದರೆ ಆ ಹೋಸುಗಳು ಹಾದುಹೋಗುವುದು ಕಾದ ಎಕ್ಸಾಸ್ಟಿನ ಪಕ್ಕದಲ್ಲಿ. ಏಪ್ರಿಲ್ ಮೊದಲ ವಾರ ಅವರ್ಸಾದಲ್ಲಿ ಸಿಕ್ಕಿದ ಸರಾಸರಿ 8.9 ಸೆಕೆಂಡು.

ಗಿಯಾ: ಮೂರನೆಯ ಸಿಲಿಂಡರು

ಈ ನಡುವೆ ಭಾವನ ಕೊಟ್ಟಿಗೆಯಲ್ಲಿ ಬೇರೊಂದು ಕಥೆ ನಡೆದಿತ್ತು. ಗಿಯಾ ಮೊದಲ ಓಟದಲ್ಲಿ ಗೆದ್ದಿತ್ತಾದರೂ ಶಿರಸಿಗೆ ಮರಳುವಾಗ ಘಟ್ಟದಲ್ಲಿ ಬಲ ಕಳೆದುಕೊಂಡಿತ್ತು. "ಭಾವ, ಯನ್ನ ಗಾಡಿ ರಾಶಿ ಬಿಸಿ ಆಗ್ತಾ ಇದ್ದು" ಎಂದು ಆತ ರಾತ್ರಿಯೇ ಫೋನು ಮಾಡಿದ. ಗಾಳಿಯಿಂದ ತಣಿಯುವ ಇಂಜಿನ್ನಿಗೆ ನೀರಿನ ಉಷ್ಣಮಾಪಕವಿಲ್ಲ. ಆದ್ದರಿಂದ ಡಿಪ್‌ಸ್ಟಿಕ್ಕಿನ ಜಾಗದಲ್ಲಿ ತೂರಿಸುವ ಉಷ್ಣಮಾಪಕವೊಂದನ್ನು ತರಿಸಿ, ಘಟ್ಟ ಏರಿದ ಕೂಡಲೇ ನೋಡಿದರೆ ಎಣ್ಣೆ 128 ಡಿಗ್ರಿ ಸೆಲ್ಸಿಯಸ್ ಇತ್ತು. ಕಂಪ್ರೆಶನ್ ಕ್ರಮವಾಗಿ 110, 108, 85, 112. ಮೂರನೆಯ ಸಿಲಿಂಡರಿನ ಎಕ್ಸಾಸ್ಟ್ ವಾಲ್ವಿಗೆ ಅಂತರವೇ ಉಳಿದಿರಲಿಲ್ಲ.

ಈ ಇಂಜಿನ್ನಿನಲ್ಲಿ ಮೂರನೆಯ ಸಿಲಿಂಡರಿಗೆ ಹುಟ್ಟಿನಿಂದಲೇ ಒಂದು ಕಷ್ಟವಿದೆ. ಫ್ಯಾನಿನ ಹೊದಿಕೆಯ ಒಳಗೆ ಆಯಿಲ್ ಕೂಲರ್ ನಿಂತಿರುವುದು ಸರಿಯಾಗಿ ಅದರ ಗಾಳಿಯ ದಾರಿಯಲ್ಲಿ. ಆದ್ದರಿಂದ ಅದಕ್ಕೆ ಸಿಗುವ ಗಾಳಿ ಕಡಿಮೆ, ಸಿಗುವುದೂ ಆಗಲೇ ಬಿಸಿಯಾದದ್ದು. ಶಾಖಕ್ಕೆ ವಾಲ್ವಿನ ಕಾಂಡ ಹಿಗ್ಗುತ್ತದೆ, ಅಂತರ ಮುಚ್ಚಿಹೋಗುತ್ತದೆ, ವಾಲ್ವು ಪೂರ್ತಿ ಕೂರದೆ ಅಂಚು ಸುಡುತ್ತದೆ. ಮೂರನೆಯದನ್ನು ಮೊದಲು ನೋಡು ಎಂದು ಬೀಟಲ್ ಇಂಜಿನ್ ಬಲ್ಲವರು ಹೇಳುವುದು ಇದಕ್ಕಾಗಿಯೇ.

ಇಂಜಿನ್ ಇಳಿಸುವುದು ಈ ಕಾರಿನಲ್ಲಿ ಅರ್ಧ ದಿನದ ಕೆಲಸ. ಗೇರ್‌ಬಾಕ್ಸಿಗೆ ಅದನ್ನು ಹಿಡಿದಿರುವುದು ನಾಲ್ಕೇ ಬೋಲ್ಟುಗಳು. ಪೆಟ್ರೋಲಿನ ಕೊಳವೆ, ಆಕ್ಸಿಲರೇಟರ್ ಕೇಬಲು, ಹೀಟರಿನ ತಂತಿಗಳು, ಕೆಲವು ವೈರುಗಳನ್ನು ಕಳಚಿ ಜ್ಯಾಕಿನ ಮೇಲೆ ಇಳಿಸಿ ಹಿಂದಕ್ಕೆ ಎಳೆದುಕೊಂಡೆವು. ಫ್ಯಾನಿನ ಹೊದಿಕೆ ಎತ್ತಿದಾಗ ಕಾರಣ ಕಣ್ಣೆದುರು ಬಂತು. ಆಯಿಲ್ ಕೂಲರಿನ ನೆತ್ತಿಯ ಮೇಲೆ, ಅಡಿಕೆ ಸಿಪ್ಪೆಯ ನಾರು, ಒಣಹುಲ್ಲು, ಹರಿದ ಗೋಣಿಯ ಎಳೆ ಸೇರಿಸಿ ಇಲಿ ಕಟ್ಟಿದ ಗೂಡು ಗಟ್ಟಿಯಾಗಿ ಒತ್ತಿಕೊಂಡು ಕುಳಿತಿತ್ತು. ಕಾರು ನಿಂತಿರುತ್ತಿದ್ದದ್ದು ಅಡಿಕೆ ಒಣಗಿಸುವ ಅಟ್ಟದ ಕೆಳಗೆ, ಇಲಿಗೆ ಬೇಕಾದ ಸಾಮಗ್ರಿಯೆಲ್ಲ ಎರಡು ಅಡಿ ದೂರದಲ್ಲಿತ್ತು. ಎರಡು ಮುಷ್ಟಿ ತುಂಬುವಷ್ಟು ಕಸ ಬಂತು. ಇದರ ಜೊತೆಗೆ ಇಂಜಿನ್ನಿನ ಸುತ್ತಲಿನ ತಗಡಿನ ಅಂಚಿಗೆ ಇರಬೇಕಾದ ರಬ್ಬರ್ ಪಟ್ಟಿ ಅರ್ಧಕ್ಕೂ ಹೆಚ್ಚು ಮಾಯವಾಗಿತ್ತು. ಆ ಪಟ್ಟಿ ಅಂದಕ್ಕಾಗಿ ಇರುವುದಲ್ಲ. ಅದಿಲ್ಲದಿದ್ದರೆ ಕೆಳಗಿನ ಬಿಸಿಗಾಳಿ ಮೇಲೆ ಬಂದು ಫ್ಯಾನು ಅದನ್ನೇ ಮತ್ತೆ ಎಳೆದು ಸಿಲಿಂಡರುಗಳ ಮೇಲೆ ಸುರಿಯುತ್ತದೆ.

ಎಡ ಬದಿಯ ಹೆಡ್ ಬಿಚ್ಚಿ, ಎಕ್ಸಾಸ್ಟ್ ವಾಲ್ವು ಹೊಸದು ಹಾಕಿ, ಗ್ರೈಂಡಿಂಗ್ ಪೇಸ್ಟಿನಲ್ಲಿ ಕೈಯಿಂದ ಅರೆದು ಕೂರಿಸಿದೆವು. ಹೆಡ್ಡಿನ ನಟ್ಟುಗಳನ್ನು ಮೊದಲು ಹಗುರವಾಗಿ, ಆಮೇಲೆ ಕ್ರಮ ತಪ್ಪದೆ 32 ನ್ಯೂಟನ್ ಮೀಟರಿಗೆ ಬಿಗಿಗೊಳಿಸಿ, ವಾಲ್ವಿನ ಅಂತರವನ್ನು ಇಂಜಿನ್ ಪೂರ್ತಿ ತಣ್ಣಗಿರುವಾಗ 0.10 ಮಿ.ಮೀ.ಗೆ ಇಟ್ಟೆವು. ರಬ್ಬರ್ ಪಟ್ಟಿ ಸುತ್ತಲೂ ಹೊಸದಾಯಿತು. ಮೂರನೆಯ ಸಿಲಿಂಡರಿನ ಕಂಪ್ರೆಶನ್ 106ಕ್ಕೆ ಬಂತು. ಕಾರನ್ನು ಅಟ್ಟದಡಿಯಿಂದ ಅಂಗಳದ ಇನ್ನೊಂದು ತುದಿಗೆ ಸ್ಥಳಾಂತರಿಸಿ, ಗಾಳಿ ಹೋಗುವ ಸೀಳುಗಳಿಗೆ ಕಾರು ನಿಂತಿರುವಾಗ ಮಾತ್ರ ಹಾಕುವ ಜಾಲರಿ ಮಾಡಿಸಿದ್ದೇವೆ.

ಕಾರ್ಮನ್ ಗಿಯಾದ ಬಾಡಿಯ ಬಗ್ಗೆ ಎರಡು ಮಾತು. ಇದರ ಮುಂಭಾಗದ ಮಡ್‌ಗಾರ್ಡುಗಳು ಬೋಲ್ಟು ಬಿಚ್ಚಿದರೆ ಬರುವಂಥವಲ್ಲ. ತುಂಡುಗಳನ್ನು ಬೆಸೆದು, ಸಂದಿಗೆ ಸೀಸದ ಮಿಶ್ರಲೋಹ ತುಂಬಿ, ಕೈಯಿಂದ ಅರ ತಿಕ್ಕಿ ಒಂದೇ ಮೈ ಮಾಡಿದ್ದಾರೆ. ಆದ್ದರಿಂದ ತುಕ್ಕು ಹಿಡಿದರೆ ಕತ್ತರಿಸಿ ಬೆಸೆಯುವುದೊಂದೇ ದಾರಿ, ಪುಟ್ಟಿ ಮೆತ್ತಿ ಮುಚ್ಚಿದರೆ ಒಳಗಿನಿಂದ ತಿನ್ನುತ್ತಲೇ ಇರುತ್ತದೆ. ಹೆಡ್‌ಲೈಟಿನ ಹಿಂದಿನ ಅಂಗೈಯಗಲದ ಎರಡು ತೂತುಗಳನ್ನು ಟಿಂಕರಿಂಗ್ ಮೇಸ್ತ್ರಿ ಹೊಸ ತಗಡಿನಿಂದ ಮುಚ್ಚಿದ್ದಾರೆ. ಇದು ವೇಗಕ್ಕೆ ಸಂಬಂಧಿಸಿದ್ದಲ್ಲವಾದ್ದರಿಂದ ಇಲ್ಲಿಗೇ ಬಿಡುತ್ತೇನೆ.

ಏಪ್ರಿಲ್ ಕೊನೆಯ ಭಾನುವಾರ ಅವರ್ಸಾದಲ್ಲಿ ಗಿಯಾ 11.3 ಸೆಕೆಂಡಿಗೆ ಬಂತು. ಅದೇ ಬೆಳಿಗ್ಗೆ ಎಂಜಿ ಮತ್ತೆ 8.9. ಜನವರಿಯಲ್ಲಿ ತಲೆಕೆಳಗಾಗಿದ್ದ ಕ್ರಮ ಈಗ ನೇರವಾಯಿತು. ಗಿಯಾ ಕಳೆದುಕೊಂಡಿದ್ದದ್ದು ಒಂದು ಸೆಕೆಂಡಿಗೂ ಕಡಿಮೆ, ಎಂಜಿ ಕಳೆದುಕೊಂಡಿದ್ದದ್ದು ಸುಮಾರು ನಾಲ್ಕು ಸೆಕೆಂಡು. ನನ್ನ ಆರೈಕೆಯಲ್ಲಿದ್ದ ಕಾರೇ ಹೆಚ್ಚು ಕೆಟ್ಟಿತ್ತು ಎಂಬುದನ್ನು ಒಪ್ಪಿಕೊಳ್ಳಲೇಬೇಕು.

ದೇವಿಮನೆ ಘಟ್ಟ

ಮೇ ತಿಂಗಳ ಮೂರನೆಯ ವಾರ, ಮಳೆಗೆ ಮುಂಚಿನ ಸೆಕೆಯಲ್ಲಿ, ಎರಡೂ ಕಾರುಗಳನ್ನು ಕುಮಟಾದಿಂದ ಶಿರಸಿಗೆ ಒಯ್ದೆವು. ಕತಗಾಲ ದಾಟಿದ ಮೇಲೆ ರಸ್ತೆ ಏರತೊಡಗುತ್ತದೆ. ಇಲ್ಲಿ ಸೆಕೆಂಡು ಎಣಿಸಲಿಲ್ಲ. ಲಾರಿ, ಬಸ್ಸು ಓಡಾಡುವ ತಿರುವುಗಳಲ್ಲಿ ಅದು ತಪ್ಪು. ಗಂಟೆಗೆ 40 ಕಿ.ಮೀ.ಯನ್ನು ಯಾವ ಗೇರಿನಲ್ಲಿ, ಎಷ್ಟು ಥ್ರಾಟಲಿನಲ್ಲಿ ಹಿಡಿದಿಡಬಹುದು, ಮೇಲೆ ಮುಟ್ಟುವಾಗ ಇಂಜಿನ್ ಎಷ್ಟು ಕಾದಿರುತ್ತದೆ ಎಂಬುದನ್ನಷ್ಟೇ ನೋಡಿದೆವು.

ಎಂಜಿ ಬಹುಪಾಲು ಏರನ್ನು ಮೂರನೆಯ ಗೇರಿನಲ್ಲಿ ಅರ್ಧ ಥ್ರಾಟಲಿಗೂ ಕಡಿಮೆಯಲ್ಲಿ ಹತ್ತಿತು. ಮೊದಲನೆಯ ಗೇರಿಗೆ 1967ರ ಈ ಮಾದರಿಯಲ್ಲಿ ಸಿಂಕ್ರೊಮೆಶ್ (ಓಡುವಾಗಲೇ ಗೇರು ಸಲೀಸಾಗಿ ಸೇರಿಸುವ ವ್ಯವಸ್ಥೆ) ಇಲ್ಲ. ತಿರುವಿನಲ್ಲಿ ಎದುರಿನ ಬಸ್ಸಿಗೆ ದಾರಿ ಬಿಡಲು ತೀರ ನಿಧಾನಿಸಿದಾಗ ಮೊದಲನೆಯದಕ್ಕೆ ಇಳಿಯಬೇಕೆಂದರೆ ಎರಡು ಸಲ ಕ್ಲಚ್ ಒತ್ತಿ ನಡುವೆ ಆಕ್ಸಿಲರೇಟರ್ ಕೊಡಬೇಕು. ಆದರೆ ಅದರ ಅಗತ್ಯವೇ ಬೀಳಲಿಲ್ಲ. ಎರಡನೆಯ ಗೇರಿನಲ್ಲಿ 20 ಕಿ.ಮೀ. ವೇಗಕ್ಕೆ ಇಳಿದರೂ ಇಂಜಿನ್ ಸುಮಾರು 1500 ಆರ್‌ಪಿಎಂನಿಂದ ನಡುಗದೆ ಎಳೆದುಕೊಂಡು ಹೋಯಿತು. ಟೈಮಿಂಗ್ ಸರಿಯಾಗುವ ಮುನ್ನ ಇದೇ ಜಾಗದಲ್ಲಿ ಅದು ಕೆಮ್ಮಿ ನಿಲ್ಲುತ್ತಿತ್ತು.

ಗಿಯಾ ಅದೇ 40ನ್ನು ಹಿಡಿದಿಡಲು ಹಲವು ಕಡೆ ಎರಡನೆಯ ಗೇರಿಗೆ ಇಳಿಯಬೇಕಾಯಿತು, ಥ್ರಾಟಲ್ ಮುಕ್ಕಾಲು ತೆರೆದೇ ಇತ್ತು. ಆದರೂ ತಿರುವುಗಳಲ್ಲಿ ಅದು ಎಂಜಿಯಿಂದ ಹಿಂದೆ ಬೀಳಲಿಲ್ಲ. ಇಂಜಿನ್ ಹಿಂಚಕ್ರಗಳ ಮೇಲೆಯೇ ಕುಳಿತಿರುವುದರಿಂದ ಬಾಗುತ್ತಾ ಏರುವಾಗ, ರಸ್ತೆಯ ಮೇಲೆ ಒಣ ಎಲೆ ಬಿದ್ದಿದ್ದಲ್ಲಿ ಕೂಡ, ಚಕ್ರ ಜಾರದೆ ಕಚ್ಚಿ ನಡೆಯುತ್ತದೆ. ಇಳಿಯುವಾಗ ಮಾತ್ರ ನಾನು ಎಂಜಿಯನ್ನೇ ಆರಿಸುತ್ತೇನೆ. ಗಿಯಾದ ಹಿಂದಿನ ಆಕ್ಸಲು ತೂಗಾಡುವ ಮಾದರಿಯದು, ತಿರುವಿನ ನಡುವೆ ಥಟ್ಟನೆ ಆಕ್ಸಿಲರೇಟರ್ ಬಿಟ್ಟರೆ ಹಿಂದಿನ ಹೊರಚಕ್ರ ಒಳಕ್ಕೆ ಮಡಚಿಕೊಳ್ಳುವ ಸ್ವಭಾವ ಅದಕ್ಕಿದೆ. ತಿರುವಿಗೆ ಮುನ್ನವೇ ವೇಗ ಇಳಿಸಿ, ತಿರುವಿನೊಳಗೆ ಹಗುರವಾಗಿ ಎಳೆತದಲ್ಲಿರಬೇಕು. ಭಾವನಿಗೆ ಅದು ಕೈಗೆ ಒಗ್ಗಿದೆ, ನನಗೆ ಇನ್ನೂ ಇಲ್ಲ.

ದೇವಿಮನೆಯ ಮೇಲೆ ಗಿಯಾದ ಎಣ್ಣೆ 104 ಡಿಗ್ರಿ. ಗೂಡು ತೆಗೆಯುವ ಮೊದಲಿಗಿಂತ 24 ಡಿಗ್ರಿ ಕಡಿಮೆ, ಅದೂ ಜನವರಿಯ ಚಳಿಗೆ ಬದಲಾಗಿ ಮೇ ತಿಂಗಳ ಸೆಕೆಯಲ್ಲಿ. ಎಂಜಿಯ ನೀರಿನ ಮುಳ್ಳು ನಡುವಿನಿಂದ ತುಸು ಮೇಲೇರಿತ್ತು, ಚಿಂತೆಯ ಮಟ್ಟಕ್ಕೇನೂ ಹೋಗಿರಲಿಲ್ಲ. ಆದರೆ ಹತ್ತು ನಿಮಿಷ ನಿಲ್ಲಿಸಿ ಮತ್ತೆ ಚಾಲೂ ಮಾಡಹೋದಾಗ ಅದು ಹತ್ತಲಿಲ್ಲ. ಈ ಇಂಜಿನ್ನಿನಲ್ಲಿ ಕಾರ್ಬ್ಯುರೇಟರುಗಳು ಮತ್ತು ಸುಟ್ಟ ಹೊಗೆಯನ್ನು ಹೊರಗೊಯ್ಯುವ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಒಂದೇ ಬದಿಯಲ್ಲಿವೆ, ಒಂದರ ಮೇಲೊಂದು. ಓಡುವಾಗ ಗಾಳಿ ಆಡುತ್ತಿರುತ್ತದೆ, ನಿಂತ ಮೇಲೆ ಮ್ಯಾನಿಫೋಲ್ಡಿನ ಶಾಖವೆಲ್ಲ ಮೇಲೇರಿ ಫ್ಲೋಟ್ ಬಟ್ಟಲಿನ ಪೆಟ್ರೋಲನ್ನು ಆವಿ ಮಾಡುತ್ತದೆ. ಎಥೆನಾಲ್ ಬೆರೆತ ಪೆಟ್ರೋಲು ಇನ್ನೂ ಬೇಗ ಆವಿಯಾಗುತ್ತದೆ. ಬಾನೆಟ್ ತೆರೆದು ಇಪ್ಪತ್ತು ನಿಮಿಷ ಕಾದ ಮೇಲೆ, ಪಂಪಿನ ಟಕಟಕ ಸದ್ದು ನಿಧಾನವಾಗಿ ನಿಂತಿತು. ಬಟ್ಟಲು ತುಂಬಿತೆಂದರ್ಥ. ಆಗ ಒಂದೇ ಸಲಕ್ಕೆ ಹತ್ತಿತು. ಎರಡರ ನಡುವೆ ಕಾರ್ಖಾನೆಯವರು ಹಾಕಿದ್ದ ಶಾಖ ತಡೆಯುವ ತಗಡು ನನ್ನ ಕಾರಿನಲ್ಲಿದೆ, ಆದರೆ ಅದರ ಹಿಂಬದಿಗೆ ಅಂಟಿಸಿದ್ದ ಪದರ ಯಾವ ಕಾಲದಲ್ಲಿಯೋ ಉದುರಿಹೋಗಿದೆ ಎಂಬುದು ಅಲ್ಲಿ ನಿಂತಾಗ ಕಣ್ಣಿಗೆ ಬಿತ್ತು.

ಗಿಯಾ ಆ ಇಪ್ಪತ್ತು ನಿಮಿಷವೂ ಪಕ್ಕದಲ್ಲಿ ನಿಂತಿತ್ತು, ಕೀಲಿ ತಿರುಗಿಸಿದ ಕೂಡಲೇ ಹತ್ತಿತು. ಬಂಡಲ, ರಾಗಿಹೊಸಳ್ಳಿ ದಾಟಿ ಶಿರಸಿ ಸೇರುವವರೆಗೆ ಅದೇ ಮುಂದಿತ್ತು.

ಈಗ ಆ ತಗಡನ್ನು ಬಿಚ್ಚಿ ತಂದಿದ್ದೇನೆ. ಸೆರಾಮಿಕ್ ನಾರಿನ ಹಾಳೆಯನ್ನು ಅದರ ಅಳತೆಗೆ ಕತ್ತರಿಸಿ, ಮೇಲೆ ತೆಳುವಾದ ಅಲ್ಯೂಮಿನಿಯಂ ತಗಡು ಹೊದಿಸಿ, ಅಂಚುಗಳಿಗೆ ರಿವೆಟ್ ಹೊಡೆಯುವ ಕೆಲಸ ನಡೆದಿದೆ. ಫ್ಲೋಟ್ ಬಟ್ಟಲಿನ ಹೋಸುಗಳಿಗೂ ಅದೇ ನಾರಿನ ತೋಳು ತೊಡಿಸಬೇಕು. ಮಳೆ ಹಿಡಿದಿರುವುದರಿಂದ ಎರಡೂ ಕಾರುಗಳು ಅಕ್ಟೋಬರಿನವರೆಗೆ ಹೊರಗೆ ಬರುವುದಿಲ್ಲ. ಆಮೇಲೆ ಮೊದಲ ಓಟ ಅವರ್ಸಾದಲ್ಲಲ್ಲ, ದೇವಿಮನೆಯ ಮೇಲೆಯೇ: ಹತ್ತಿ, ಹತ್ತು ನಿಮಿಷ ನಿಲ್ಲಿಸಿ, ಮತ್ತೆ ಚಾಲೂ ಮಾಡುವುದು.